ಬೆವರುಗನ್ನಡಿ

ಅಂಗಿಯನ್ನು ಗಾಜಿನ ಮಣೆಯ ಮೇಲೆ ಹರವಿ ಮುಚ್ಚಳ ಇಳಿಸಿದರೆ ಸಾಕು. ಒಳಗೆ ತೆಳುವಾದ ನೇರಳೆ ಬೆಳಕೊಂದು ಕಾಲರಿನಿಂದ ಕೆಳಗಿನ ಅಂಚಿನವರೆಗೆ ನಿಧಾನವಾಗಿ ಸರಿಯುತ್ತಿತ್ತು. ಬೆಳಕು ಸರಿದಂತೆ ಪಕ್ಕದ ಪರದೆಯ ಮೇಲೆ ಅದೇ ಅಂಗಿಯ ಚಿತ್ರ ಮೂಡಿ, ಹೊಲಿಗೆಯ ಜಾಡಿನುದ್ದಕ್ಕೂ ಬಣ್ಣ ತುಂಬಿಕೊಳ್ಳುತ್ತಿತ್ತು. ಹಸಿರು ಬಂದರೆ ಆ ಹೊಲಿಗೆ ಹಾಕಿದವರು ನೆಮ್ಮದಿಯಾಗಿದ್ದರು. ಹಳದಿ ಬಂದರೆ ಏನೋ ಒತ್ತಡವಿತ್ತು. ಕೆಂಪು ಬಂತೋ, ಆ ಹೊಲಿಗೆ ಹಾಕುವ ಹೊತ್ತಿನಲ್ಲಿ ಆ ಜೀವ ಒದ್ದಾಡುತ್ತಿತ್ತು ಎಂದೇ ಅರ್ಥ.

ಇಲಾಖೆಯ ಕಡತಗಳಲ್ಲಿ ಇದರ ಹೆಸರು ‘ಶ್ರಮಸ್ಥಿತಿ ದರ್ಶಕ’. ಅಷ್ಟುದ್ದದ ಹೆಸರನ್ನು ದಿನಾ ಯಾರು ಕೂಗುತ್ತಾರೆ? ಗೋದಾಮಿನ ಜನ ಬೆವರುಗನ್ನಡಿ ಅಂದರು. ಅದೇ ನಿಂತಿತು.

ಕನ್ನಡಿಯನ್ನು ಕಂಡುಹಿಡಿದವರು ಡಾಕ್ಟರ್ ಇಂಚರಾ. ಐವತ್ತು ದಾಟಿದ ಹೆಂಗಸು. ಕೂದಲಿಗೆ ಬಣ್ಣ ಹಚ್ಚುವವರಲ್ಲ, ಅಧಿಕಾರಿಗಳ ಮಾತಿಗೆ ಸುಮ್ಮನೆ ತಲೆಯಾಡಿಸುವವರೂ ಅಲ್ಲ. ಎರಡು ಸಾವಿರದ ಐವತ್ತೇಳರ ಆ ಏಪ್ರಿಲ್ ತಿಂಗಳಲ್ಲಿ ಅವರು ಬೆಂಗಳೂರಿನ ಸರ್ಕಾರಿ ಗೋದಾಮಿನಲ್ಲಿ ಕೂತು, ಶಾಲೆಯ ಮಕ್ಕಳಿಗೆಂದು ಬಂದ ಸಮವಸ್ತ್ರಗಳನ್ನು ಪರೀಕ್ಷಿಸುತ್ತಿದ್ದರು. ಅದು ಅವರು ಮಾಡಲೇಬೇಕಾದ ಕೆಲಸವೇನಲ್ಲ. ಮಾಡಲು ಬೇಕಾದಷ್ಟು ಜನ ಇದ್ದರು. ಆದರೆ ತಾನು ಹೆತ್ತ ಯಂತ್ರ ಹೇಗೆ ಬಾಳುತ್ತಿದೆ ಎಂದು ವರ್ಷಕ್ಕೊಮ್ಮೆಯಾದರೂ ನೋಡಿ ಬರದಿದ್ದರೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ.

ಕನ್ನಡಿಯ ಗುಟ್ಟು ಸರಳವಾದದ್ದು. ಮನಸ್ಸಿಗೆ ಸಂಕಟವಾದಾಗ ಮೂತ್ರಪಿಂಡಗಳ ತಲೆಯ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಅದರ ಒಂದಿಷ್ಟು ಪಾಲು ಬೆವರಿನಲ್ಲಿ ಸೇರಿ ಬೆರಳ ತುದಿಗೂ ಬರುತ್ತದೆ, ಅಲ್ಲಿಂದ ದಾರಕ್ಕೆ, ಬಟ್ಟೆಗೆ. ಒಗೆಯುವ ತನಕ ಅದು ಅಲ್ಲೇ ಇರುತ್ತದೆ. ಬೆರಳಚ್ಚಿನ ಹಾಗೆ ಒಬ್ಬೊಬ್ಬರ ಬೆವರಿಗೂ ಒಂದೊಂದು ಚಹರೆ ಇರುವುದರಿಂದ, ಒಂದು ಅಂಗಿಯನ್ನು ಎಷ್ಟು ಜನ ಮುಟ್ಟಿದ್ದಾರೆ, ಮುಟ್ಟಿದಾಗ ಒಬ್ಬೊಬ್ಬರೂ ಹೇಗಿದ್ದರು ಎಂಬುದನ್ನು ಕನ್ನಡಿ ಬಿಡಿಸಿ ಹೇಳುತ್ತಿತ್ತು.

ಇದಕ್ಕೆ ಮೊದಲು ಸರ್ಕಾರ ಕೊಳ್ಳುವ ರೀತಿಯೇ ಬೇರೆ ಇತ್ತು. ಟೆಂಡರು ಕರೆಯುವುದು, ಬಂದವರಲ್ಲಿ ಯಾರು ಎಲ್ಲರಿಗಿಂತ ಕಡಿಮೆ ಬೆಲೆ ಹೇಳಿದ್ದಾರೋ ಅವರಿಗೆ ಕೆಲಸ ಕೊಡುವುದು. ನೋಡಲು ನ್ಯಾಯವಾಗಿಯೇ ಇತ್ತು ಬಿಡಿ. ಜನರ ತೆರಿಗೆಯ ದುಡ್ಡು, ಪೋಲಾಗಬಾರದಲ್ಲ! ಆದರೆ ಆ ಕಡಿಮೆ ಎಂಬುದು ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಬಟ್ಟೆಯ ಬೆಲೆ ಎಲ್ಲರಿಗೂ ಹೆಚ್ಚೂಕಡಿಮೆ ಒಂದೇ, ದಾರದ್ದೂ ಒಂದೇ, ಕರೆಂಟಿನದ್ದೂ ಒಂದೇ. ಇನ್ನು ಇಳಿಸಲು ಉಳಿದದ್ದೇನು? ಹೊಲಿಯುವವರ ಸಂಬಳ, ಅವರ ಊಟದ ಬಿಡುವು, ಅವರು ಬಚ್ಚಲಿಗೆ ಹೋಗಿ ಬರುವ ಸಮಯ. ದೊಡ್ಡ ದೊಡ್ಡ ಖಾಸಗಿ ಕಂಪನಿಗಳು ಕೊಳ್ಳುತ್ತಿದ್ದದ್ದೂ ಹೀಗೆಯೇ. ‘ಇಲ್ಲಿ ಎಲ್ಲರೂ ಸುಖವಾಗಿದ್ದಾರೆ’ ಎಂಬ ಪ್ರಮಾಣಪತ್ರವನ್ನು ಎಲ್ಲರೂ ಚಂದದ ಫೈಲಿನಲ್ಲಿಟ್ಟು ಕೊಡುತ್ತಿದ್ದರು.

ಕಾಗದ ಏನು ಬೇಕಾದರೂ ಹೇಳುತ್ತದೆ, ಬೆವರು ಸುಳ್ಳು ಹೇಳುವುದಿಲ್ಲ ಎಂದು ಇಂಚರಾ ವಾದಿಸಿದರು. ವರ್ಷಗಟ್ಟಲೆ ವಾದಿಸಿ ಗೆದ್ದರು. ಸರ್ಕಾರ ನಿಯಮ ಮಾಡಿತು: ಒಬ್ಬ ಸರಬರಾಜುದಾರನ ಮಾಲಿನಲ್ಲಿ ಮೂರು ಸಲ ಕೆಂಪು ಬಂದರೆ ಗುತ್ತಿಗೆ ರದ್ದು. ಬಣ್ಣವೇ ಇಲ್ಲದ ಹೊಲಿಗೆ ಸಿಕ್ಕರೆ ಇನ್ನೂ ಕಷ್ಟ. ಯಾರೋ ಹೊಲಿದಿದ್ದಾರೆ, ಆದರೆ ಅವರ ಗುರುತು ಸಿಗದ ಹಾಗೆ ಮಾಡಲಾಗಿದೆ ಎಂದರೆ, ಅಲ್ಲಿ ಯಾವುದೋ ಮಗುವನ್ನೋ ಕೂಡಿಹಾಕಿದ ಜೀವವನ್ನೋ ದುಡಿಸುತ್ತಿದ್ದಾರೆ ಎಂದು ಲೆಕ್ಕ. ಅಂಥವರಿಗೆ ನೇರ ಕಪ್ಪುಪಟ್ಟಿ. ಆಮೇಲೆ ಅವರಿಂದ ಯಾರೂ ಒಂದು ಕರವಸ್ತ್ರವನ್ನೂ ಕೊಳ್ಳುವಂತಿಲ್ಲ.

ಆ ದಿನ ಗೋದಾಮಿನಲ್ಲಿ, ಪರದೆಯ ಮೇಲೆ ಹಸಿರಾಗಿ ಬಂದ ಅಂಗಿಗಳ ನಡುವೆ ಒಂದು ಅಂಗಿ ಅರೆಬರೆ ಬಂತು. ಕಾಲರು ಹಸಿರು, ಜೇಬು ಹಸಿರು, ತೋಳು ಹಸಿರು. ಕಾಲರನ್ನು ಅಂಗಿಗೆ ಕೂಡಿಸಿದ ಹೊಲಿಗೆ ಮಾತ್ರ ಬಣ್ಣವೇ ಇಲ್ಲದೆ ಬಿಳಿಚಿಕೊಂಡಿತ್ತು. ಇಂಚರಾ ಅದೇ ಕಟ್ಟಿನಿಂದ ಇನ್ನೊಂದು ತೆಗೆದರು. ಅದೂ ಹಾಗೆಯೇ. ಮತ್ತೊಂದು, ಹಾಗೆಯೇ.

ಲೇಬಲ್ಲಿನಲ್ಲಿ ‘ಮುಂಬೆಳಗು ಮಹಿಳಾ ಹೊಲಿಗೆ ಸಹಕಾರ ಸಂಘ, ಕುಣಿಗಲ್’ ಎಂದಿತ್ತು. ಇಂಚರಾ ಅವರಿಗೆ ಮೈ ಉರಿಯಿತು. ಹೆಂಗಸರೇ ಸೇರಿ ಕಟ್ಟಿದ ಸಂಘ, ಅದರಲ್ಲೂ ಮಕ್ಕಳ ಬಟ್ಟೆಗೆ ಹೀಗೆ ಮಾಡುವುದೆ? ಸೂಟ್‌ಕೇಸಿನಷ್ಟು ಗಾತ್ರದ ಕನ್ನಡಿಯೊಂದನ್ನು ಕಾರಿಗೆ ಹಾಕಿಸಿಕೊಂಡು, ಮಾರನೆಯ ದಿನ ಬೆಳಗ್ಗೆಯೇ ಯಾರಿಗೂ ತಿಳಿಸದೆ ಕುಣಿಗಲ್ಲಿಗೆ ಹೊರಟರು.

ಸಂಘವೆಂದರೆ ಒಂದು ಉದ್ದನೆಯ ಹಾಲು, ಸಾಲಾಗಿ ಮಿಷನ್ನುಗಳು, ನಲವತ್ತು ಹೆಂಗಸರು. ಅಧ್ಯಕ್ಷೆ ಭವ್ಯಮ್ಮ ಅರವತ್ತರ ಹತ್ತಿರದವರು, ಗಟ್ಟಿ ಆಳು. ಬಂದವರು ಯಾರೆಂದು ತಿಳಿದ ಕೂಡಲೇ ಅವರ ಮುಖ ಬಿಳಿಚಿತು. ಆದರೂ ಬಾಯಿ ಸೋಲಲಿಲ್ಲ.

“ಕಾಲರು ಕೂಡಿಸಿದ ಹೊಲಿಗೆಗೆ ಬಣ್ಣವೇ ಇಲ್ಲ. ಯಾರನ್ನ ಬಚ್ಚಿಟ್ಟಿದ್ದೀರಿ?” ಇಂಚರಾ ನೇರವಾಗಿ ಕೇಳಿದರು.

“ಬಚ್ಚಿಡಕ್ಕೆ ಇಲ್ಲಿ ಜಾಗ ಎಲ್ಲೈತೆ ಮೇಡಮ್? ಇರೋದೇ ಈ ಒಂದು ಹಾಲು. ನಾವೇ ಒಬ್ರ ಮೊಣಕೈ ಒಬ್ರಿಗೆ ತಗಲಿಸ್ಕೊಂಡು ಕೂತಿದ್ದೀವಿ. ಮೊದ್ಲು ಕಾಫಿ ಕುಡೀರಿ.”

“ಕಾಫಿ ಬೇಡ. ಚಿಕ್ಕ ಮಕ್ಕಳಿಂದ ಏನಾದರೂ ಹೊಲಿಸ್ತಿದ್ದೀರಾ?”

“ಅಯ್ಯೋ ಶಿವನೇ! ಮಕ್ಕಳು ನಮ್ ಮಾತು ಎಲ್ಲಿ ಕೇಳ್ತವೆ ಮೇಡಮ್? ಒಂದು ಲೋಟ ಎತ್ತಿಡು ಅಂದ್ರೆ ಎತ್ತಿಡಲ್ಲ.”

ಯಾರೋ ಕಿಸಕ್ಕೆಂದರು. ಇಂಚರಾ ನಗಲಿಲ್ಲ. ಬಟ್ಟೆಯ ಥಾನುಗಳ ಹಿಂದೆ ನೋಡಿದರು, ಕತ್ತರಿಸುವ ಮೇಜಿನ ಕೆಳಗೆ ಬಗ್ಗಿ ನೋಡಿದರು, ಬಚ್ಚಲಿನ ಬಾಗಿಲು ತಳ್ಳಿ ನೋಡಿದರು. ಹೆಂಗಸರು ಮಿಷನ್ನು ನಿಲ್ಲಿಸಿ ಅವರನ್ನೇ ನೋಡುತ್ತಿದ್ದರು. ಕೊನೆಗೆ ಎರಡನೆಯ ಸಾಲಿನ ನಡುವಿನಿಂದ ಸಣಕಲು ಹೆಂಗಸೊಬ್ಬಳು ಎದ್ದು ನಿಂತಳು. ಕೈಗಳಲ್ಲಿ ಚರ್ಮದ ಬಣ್ಣದ ತೆಳುವಾದ ರಬ್ಬರಿನ ಗವಸು ಇತ್ತು. ಒಂದೊಂದೇ ಬೆರಳಿನಿಂದ ಅದನ್ನು ಕಳಚಿದಳು.

“ನಾನೇ ಮೇಡಮ್,” ಅಂದಳು. “ನನ್ನೇ ಬಚ್ಚಿಟ್ಟಿರೋದು ಇವ್ರು.”

ಅವಳ ಹೆಸರು ಚಂದನಾ. ಅವಳ ತಂಗಿ ಸ್ಪಂದನಾ. ಆ ಕಾಲದಲ್ಲಿ ಹುಟ್ಟಿದವರಿಗೆಲ್ಲ ಹೀಗೇ ಪ್ರಾಸ ಕೂಡಿಸಿ ಹೆಸರಿಡುತ್ತಿದ್ದರಲ್ಲ! ಪ್ರಾಸ ಕೂಡಿದ ಹಾಗೆಯೇ ಅಕ್ಕತಂಗಿಯರೂ ಕೂಡಿಕೊಂಡೇ ಬೆಳೆದಿದ್ದರು. ಒಂದೇ ಬೀದಿಗೆ ಮದುವೆಯಾಗಿ ಹೋದರು, ಒಂದೇ ದಿನ ಸಂಘಕ್ಕೆ ಸೇರಿದರು. ತಂಗಿ ಕಾಲರು ಹೊಲಿದು ಪಕ್ಕಕ್ಕೆ ಸರಿಸುವಳು, ಅಕ್ಕ ಅದನ್ನು ತೆಗೆದುಕೊಂಡು ಅಂಗಿಗೆ ಕೂಡಿಸುವಳು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಚಳಿಗಾಲದ ಒಂದು ದಿನ ಸಂಜೆ ಕೆಲಸ ಮುಗಿಸಿ ಮನೆಗೆ ಹೋದ ತಂಗಿ, ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಾ ಕುಸಿದಳು. ಮಿದುಳಿನಲ್ಲಿ ನರ ಒಡೆದಿತ್ತು. ಆಸ್ಪತ್ರೆ ಮುಟ್ಟಲಿಲ್ಲ.

“ಆಮೇಲೆ ಎರಡು ಸಲ ಕೆಂಪು ಬಂತು,” ಭವ್ಯಮ್ಮ ಈಗ ದನಿ ತಗ್ಗಿಸಿ ಹೇಳಿದರು. “ಎರಡೂ ಇವಳ ಹೊಲಿಗೇದೇ. ಇನ್ನೊಂದು ಬಂದ್ರೆ ನಮ್ ಗುತ್ತಿಗೆ ಹೋಯ್ತದೆ. ಎಲ್ರೂ ಕೂತು ಯೋಚನೆ ಮಾಡಿದ್ವಿ. ಕನ್ನಡಿ ಬರೀ ಕೈ ಬೆವರು ತಾನೆ ನೋಡೋದು, ಕೈಗೆ ಗವಸು ಹಾಕಿದ್ರೆ ಆಯ್ತಲ್ಲ ಅಂದ್ಕೊಂಡ್ವಿ. ಬಣ್ಣ ಬರದೇ ಇದ್ರೆ ಅದು ಇನ್ನೂ ದೊಡ್ ತಪ್ಪು ಅಂತ ನಮಗೇನ್ ಗೊತ್ತು ಮೇಡಮ್?”

ಇಂಚರಾ ಖಾಲಿ ಇದ್ದ ಒಂದು ಸ್ಟೂಲಿನ ಮೇಲೆ ಕೂತರು. ಸಿಟ್ಟು ಜರ್ರನೆ ಇಳಿದುಹೋಗಿತ್ತು. ಅದರ ಜಾಗದಲ್ಲಿ ಏನು ಬಂದು ಕೂತಿತೋ ಅವರಿಗೇ ತಿಳಿಯಲಿಲ್ಲ. ಮಗುವನ್ನು ಹುಡುಕಿಕೊಂಡು ಬಂದಿದ್ದರು. ಸಿಕ್ಕಿದ್ದು ತಂಗಿಯನ್ನು ಕಳೆದುಕೊಂಡ ಅಕ್ಕ.

“ಇವರಿಗೆ ಸಂಬಳ ಸಮೇತ ರಜೆ ಕೊಡಬಹುದಲ್ಲ ಭವ್ಯಮ್ಮ,” ಅಂದರು. “ನಿಯಮದಲ್ಲೇ ಇದೆ. ಒಂದಷ್ಟು ತಿಂಗಳು ಮನೆಯಲ್ಲಿ ಸುಧಾರಿಸಿಕೊಳ್ಳಲಿ.”

“ಕೊಟ್ವಿ. ವಾರ ತುಂಬೋದ್ರೊಳಗೆ ವಾಪಸ್ ಬಂದು ಕೂತ್ಲು.”

“ಮನೇಗ್ ಮಾತ್ರ ಕಳಿಸ್ಬೇಡಿ ಮೇಡಮ್,” ಚಂದನಾ ಮುಂದೆ ಬಂದಳು. “ಮನೇಲಿ ಗೋಡೆ ನೋಡ್ಕೊಂಡು ಏನ್ ಮಾಡ್ಲಿ? ಮಕ್ಕಳು ಪಾಪ ಒಳ್ಳೇವು. ನನಗೆ ನೋವಾಗ್ತದೆ ಅಂತ ಅವಳ ಹೆಸರೇ ಎತ್ತಲ್ಲ. ಫೋಟೋನೂ ತೆಗೆದು ಒಳಗಿಟ್ಟವ್ರೆ. ಇಲ್ಲಿ ಇವ್ರು ದಿನಕ್ಕೆ ಹತ್ತು ಸಲ ಅವಳ ಹೆಸರು ಎತ್ತಾರೆ. ಅವಳು ಮಾಡಿದ್ ಚೇಷ್ಟೆ, ಅವಳು ಬೈದಿದ್ ಬೈಗುಳ, ಎಲ್ಲಾ. ನಗ್ತಾರೆ, ನಾನೂ ನಗ್ತೀನಿ. ಅಳು ಬಂದ್ರೆ ಅತ್ಕೋತೀನಿ. ಯಾರೂ ಬಾಯಿ ಮುಚ್ಕೋ ಅನ್ನಲ್ಲ. ಈ ಜಾಗಾನೂ ಕಿತ್ಕೊಂಡ್ರೆ ನಾನು ಉಳಿಯಲ್ಲ ಮೇಡಮ್.”

ಆಮೇಲೆ ಮೂಲೆಯ ಮಿಷನ್ನಿನಿಂದ ಅನುಷಾ ಎಂಬವಳು, ಹೇಳಲೋ ಬೇಡವೋ ಎಂಬಂತೆ ಬಾಯಿ ತೆರೆದಳು.

“ಬೇರೆ ಕಡೆ ಆಗಿದ್ರೆ ಇವ್ರನ್ನ ಗೇಟಲ್ಲೇ ನಿಲ್ಲಿಸ್ತಿದ್ರು ಮೇಡಮ್. ನಾನು ಮೊದ್ಲು ಹೈವೇ ಮೇಲಿನ ದೊಡ್ ಫ್ಯಾಕ್ಟ್ರೀಲಿದ್ದೆ. ಬೆಳಗ್ಗೆ ಬಂದ ತಕ್ಷಣ ಕನ್ನಡಿ ಮೇಲೆ ಬೆರಳು ಇಡಿಸ್ತಾರೆ. ಹಸಿರಿದ್ರೆ ಒಳಗೆ. ಕೆಂಪಿದ್ರೆ ಮನೆಗೆ, ಆ ದಿನದ ಸಂಬಳನೂ ಇಲ್ಲ. ನಮ್ಮಪ್ಪ ಆಸ್ಪತ್ರೇಲಿದ್ದಾಗ ನನ್ನ ದಿನಾ ವಾಪಸ್ ಕಳಿಸಿದ್ರು. ದುಡ್ಡಿನ ಚಿಂತೆಗೆ ಇನ್ನಷ್ಟು ಕೆಂಪಾಗ್ತಿತ್ತು ಕೈ. ಅಲ್ಲಿಂದ ಹೋಗೋ ಅಂಗಿ ಎಲ್ಲಾ ಹಸಿರೇ ಮೇಡಮ್, ಒಂದೂ ತಪ್ಪಲ್ಲ.”

ಆ ಕಾರ್ಖಾನೆ ಇಂಚರಾ ಅವರಿಗೆ ಗೊತ್ತಿತ್ತು. ಕಳೆದ ವರ್ಷ ಅದರ ಮಾಲೀಕರಿಗೆ ಪ್ರಶಸ್ತಿ ಫಲಕ ಕೊಟ್ಟು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದರು. ಯಾರೂ ಸಂಕಟದಲ್ಲಿ ದುಡಿಯಬಾರದೆಂದು ಕನ್ನಡಿ ಮಾಡಿದ್ದರು. ಈಗ ನೋಡಿದರೆ, ಸಂಕಟ ಇರುವವರಿಗೆ ದುಡಿಮೆಯೇ ಇಲ್ಲ ಎಂದಾಗಿದೆ. ತನ್ನ ಕೈಯಾರೆ ಮಾಡಿದ ಯಂತ್ರ, ಅಪ್ಪನಿಗೆ ಹುಷಾರಿಲ್ಲದ ಹುಡುಗಿಯನ್ನು ಗೇಟಿನಾಚೆ ನಿಲ್ಲಿಸಿತಲ್ಲ ಎಂದು ಅವರಿಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಬಂದವು.

“ಆ ಕಾಫಿ ಇದ್ದರೆ ಕೊಡಿ ಭವ್ಯಮ್ಮ,” ಅಂದರು. “ನಾನು ಇವತ್ತು ಇಲ್ಲೇ ಇರುತ್ತೇನೆ. ಚಂದನಾ, ಗವಸು ಬೇಡ. ನೀವು ದಿನಾ ಹೇಗೆ ಹೊಲಿಯುತ್ತೀರೋ ಹಾಗೇ ಹೊಲಿಯಿರಿ.”

ಮಿಷನ್ನುಗಳು ಮತ್ತೆ ಸದ್ದು ಮಾಡತೊಡಗಿದವು. ಚಂದನಾ ಮೊದಲು ಮುಗಿಸಿದ ಅಂಗಿಯನ್ನು ಇಂಚರಾ ಕನ್ನಡಿಗೆ ಹಾಕಿದರು. ಕಾಲರು ಕೂಡಿಸಿದ ಹೊಲಿಗೆ ಕೆಂಡದ ಹಾಗೆ ಕೆಂಪಗೆ ಬಂತು. ಅಬ್ಬಾ, ಇಷ್ಟು ನೋವು ಹೊತ್ತುಕೊಂಡು ಈ ಹೆಂಗಸು ಬಸ್ಸು ಹತ್ತಿ ಬಂದು, ಮಿಷನ್ನಿಗೆ ಎಣ್ಣೆ ಬಿಟ್ಟು, ಬಾಬಿನ್ನಿಗೆ ದಾರ ಸುತ್ತಿಕೊಂಡು ಕೂತಿದ್ದಾಳಲ್ಲ ಎನಿಸಿತು. ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟರು.

ಹೊತ್ತು ಹೋದಂತೆ ಇಂಚರಾ ಒಂದು ವಿಷಯ ಗಮನಿಸಿದರು. ಚಂದನಾಳ ಎಡಕ್ಕಿದ್ದ ತಂಗಿಯ ಮಿಷನ್ನಿಗೆ ಕಾಯಂ ಆಳು ಯಾರೂ ಇರಲಿಲ್ಲ. ಆದರೆ ಅದು ಖಾಲಿಯೂ ಇರಲಿಲ್ಲ. ಒಬ್ಬಳು ಬಂದು ಒಂದಿಷ್ಟು ಕಾಲರು ಹೊಲಿದು, ಚಂದನಾಳ ಕಡೆಗೆ ಸರಿಸಿ, ಏನೋ ಮಾತಾಡಿ ಎದ್ದು ಹೋಗುವಳು. ಅವಳು ಏಳುವ ಮೊದಲೇ ಇನ್ನೊಬ್ಬಳು ಬಂದು ನಿಂತಿರುವಳು. ಹೀಗೆ ಇಡೀ ಹಾಲು ಸರದಿಯಲ್ಲಿ ಆ ಜಾಗಕ್ಕೆ ಬಂದು ಹೋಗುತ್ತಿತ್ತು. ಯಾರೂ ಅದನ್ನು ನಿಯಮ ಮಾಡಿದ ಹಾಗೆ ಕಾಣಲಿಲ್ಲ. ಕೇಳಿದರೆ ಭವ್ಯಮ್ಮ ಸಂಕೋಚಪಟ್ಟರು.

“ಕುರ್ಚಿ ಖಾಲಿ ಇದ್ರೆ ಅವಳು ಅದನ್ನೇ ನೋಡ್ತಾ ಕೂತ್ಬಿಡ್ತಾಳೆ ಮೇಡಮ್. ಬೇರೆಯವ್ರನ್ನ ಕಾಯಂ ಕೂರಿಸಿದ್ರೆ ತಂಗಿ ಜಾಗ ಹೋಯ್ತು ಅನ್ಸತ್ತೆ. ಅದಕ್ಕೇ ಎಲ್ರೂ ಒಂದೊಂದು ಗಳಿಗೆ. ಕೆಲಸ ಸ್ವಲ್ಪ ನಿಧಾನ ಆಗ್ತದೆ, ಹೊಟ್ಟೆಗೆ ಹಾಕ್ಕೊಳ್ಳಿ.”

ಹನ್ನೊಂದರ ಟೀ ಹೊತ್ತಿಗೆ ಅನುಷಾ ಆ ಕುರ್ಚಿಯಲ್ಲಿದ್ದಳು. ಸ್ಪಂದನಾ ಒಮ್ಮೆ ಸೂಪರ್‌ವೈಸರ ಸೆಖೆಗೆ ಬಿಚ್ಚಿಟ್ಟಿದ್ದ ಶರಟನ್ನೇ ತಪ್ಪಿ ಬಂಡಲಿಗೆ ಸೇರಿಸಿ ಕಳಿಸಿಬಿಟ್ಟ ಕತೆ ಬಂತು. “ಬನಿಯನ್ನಲ್ಲೇ ಮನೇಗ್ ಹೋದ ಕಣ್ರೀ, ಪಾಪ!” ಎಂದು ಯಾರೋ ಅಂದಾಗ ಹಾಲೆಲ್ಲ ನಕ್ಕಿತು. ಚಂದನಾ ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗ ಮುಗಿದ ಅಂಗಿಯನ್ನು ಇಂಚರಾ ಕನ್ನಡಿಗಿಟ್ಟರು. ಕೆಂಪು ಸ್ವಲ್ಪ ಮಾಸಿತ್ತು. ಊಟವಾದ ಮೇಲಿನ ಅಂಗಿ ಕಿತ್ತಳೆಗೆ ತಿರುಗಿತ್ತು. ಮಧ್ಯಾಹ್ನ ಇಳಿಯುವ ಹೊತ್ತಿನದು ಹಳದಿ. ಸಂಜೆ ಮಿಷನ್ನು ನಿಲ್ಲಿಸುವ ಮೊದಲಿನ ಕೊನೆಯ ಅಂಗಿಯಲ್ಲಿ, ಹಳದಿಯ ಅಂಚಿಗೆ ಎಳೆಯಷ್ಟು ಹಸಿರು ಕೂಡ ಇತ್ತು.

ಇಂಚರಾ ಮತ್ತೆ ಮತ್ತೆ ನೋಡಿದರು. ಯಾರ ದೇಹದಲ್ಲಾದರೂ ಕಾರ್ಟಿಸಾಲ್ ಬೆಳಗ್ಗೆ ಹೆಚ್ಚು, ಸಂಜೆಗೆ ತಾನಾಗಿಯೇ ಇಳಿಯುತ್ತದೆ. ಆದರೆ ಆ ಸಹಜ ಇಳಿತವನ್ನು ಕನ್ನಡಿ ಮೊದಲೇ ಕಳೆದು ಬಣ್ಣ ಕೊಡುತ್ತದೆ; ಅದನ್ನು ಬರೆದವರು ಅವರೇ. ಹಾಗಾದರೆ ಇಲ್ಲಿ ಇಳಿದಿರುವುದು ನೋವೇ, ಗಡಿಯಾರದ ಆಟವಲ್ಲ. ಗೋದಾಮಿನಲ್ಲಿ ಏನಾಗುತ್ತಿತ್ತೆಂದರೆ, ಕಟ್ಟಿನಿಂದ ಕೈಗೆ ಸಿಕ್ಕಿದ ಅಂಗಿ ಎಳೆಯುತ್ತಿದ್ದರು, ಎಲ್ಲದರ ಸರಾಸರಿ ತೆಗೆಯುತ್ತಿದ್ದರು. ಬೆಳಗ್ಗೆಯ ಅಂಗಿ ಯಾವುದು, ಸಂಜೆಯದು ಯಾವುದು ಎಂದು ಕೇಳುವ ಬುದ್ಧಿ ಯಾರಿಗೂ ಬಂದಿರಲಿಲ್ಲ.

“ನೋವು ಎಷ್ಟಿದೆ ಅಂತ ಅಳೆದೆವು,” ಅವರು ಭವ್ಯಮ್ಮನಿಗೆ ಹೇಳಿದರು, ಅರ್ಧ ತಮಗೆ ತಾವೇ ಎಂಬಂತೆ. “ಅದು ಯಾವ ಕಡೆಗೆ ಹೋಗುತ್ತಿದೆ ಅಂತ ನೋಡಲಿಲ್ಲ. ಇವರು ಈ ನೋವನ್ನ ಮನೆಯಿಂದ ತಂದರು. ನೀವು ಅದನ್ನ ಕಡಿಮೆ ಮಾಡಿ ಮನೆಗೆ ಕಳಿಸುತ್ತಿದ್ದೀರಿ.”

“ನಾವೇನ್ ಮಾಡಿದ್ವಿ ಮೇಡಮ್? ಸುಮ್ನೆ ಹರಟೆ ಹೊಡೆದ್ವಿ,” ಅಂದರು ಭವ್ಯಮ್ಮ.

ಮಾರನೆಯ ದಿನ ಇಂಚರಾ ಗೋದಾಮಿಗೆ ಮರಳಿ, ಪ್ರಶಸ್ತಿ ಪಡೆದ ಆ ದೊಡ್ಡ ಕಾರ್ಖಾನೆಯ ಅಂಗಿಗಳನ್ನು ಹೊರಗೆ ತೆಗೆಸಿದರು. ಲೇಬಲ್ಲಿನಲ್ಲಿ ಹೊಲಿದ ಹೊತ್ತು ದಾಖಲಾಗಿರುತ್ತದೆ. ಆ ಪ್ರಕಾರ ಜೋಡಿಸಿ ಒಂದೊಂದಾಗಿ ಕನ್ನಡಿಗಿಟ್ಟರು. ಬೆಳಗ್ಗೆಯವು ಎಳೆ ಚಿಗುರಿನ ಹಸಿರು. ಮಧ್ಯಾಹ್ನದವು ಮಂಕು. ಸಂಜೆಯವು ಹಳದಿಯ ಹೊಸ್ತಿಲಿಗೆ ಬಂದು ನಿಂತಿದ್ದವು. ಯಾವ ದಿನದ್ದು ತೆಗೆದರೂ ಅದೇ ಕತೆ. ನಗುನಗುತ್ತಾ ಗೇಟು ದಾಟಿದವರು ಕುಗ್ಗಿ ಹೊರಗೆ ಬರುತ್ತಿದ್ದರು. ಆದರೆ ಗೆರೆ ದಾಟಿರಲಿಲ್ಲವಾದ್ದರಿಂದ ಎಲ್ಲವೂ ಹಸಿರೇ ಎಂದು ಬರೆಯಲಾಗಿತ್ತು.

ಸಂಘದ ಬಣ್ಣವಿಲ್ಲದ ಹೊಲಿಗೆ ಗೋದಾಮಿನಲ್ಲಿ ಆಗಲೇ ದಾಖಲಾಗಿತ್ತು; ಕಪ್ಪುಪಟ್ಟಿಗೆ ಸೇರಿಸುವ ಮುನ್ನ ಒಂದು ವಿಚಾರಣೆ ನಡೆಯಬೇಕು. ಖರೀದಿ ಇಲಾಖೆಯ ಜಂಟಿ ನಿರ್ದೇಶಕ ತೇಜಸ್ ಅದರ ಅಧ್ಯಕ್ಷತೆ ವಹಿಸಿದ್ದರು. ಕೆಟ್ಟ ಮನುಷ್ಯನಲ್ಲ. ಕೈ ಶುದ್ಧವಿಟ್ಟುಕೊಂಡು ಬಂದವರು, ನಿಯಮವೊಂದನ್ನೇ ನಂಬಿಕೊಂಡವರು. ಎದುರಿಗೆ ಭವ್ಯಮ್ಮ, ಚಂದನಾ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಇಬ್ಬರೂ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದರು. ನಲವತ್ತು ಮನೆಗಳ ಒಲೆ ಈ ಕೋಣೆಯ ಮಾತಿನ ಮೇಲೆ ನಿಂತಿದೆ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು.

ಇಂಚರಾ ಎಲ್ಲವನ್ನೂ ವಿವರಿಸಿದರು. ತೇಜಸ್ ತಾಳ್ಮೆಯಿಂದ ಕೇಳಿದರು.

“ಮೇಡಮ್, ನನಗೂ ಕರುಳು ಚುರುಕ್ ಅನ್ನುತ್ತೆ,” ಅಂದರು. “ಆದರೆ ಕೊಳ್ಳೋ ಜಾಗದಲ್ಲಿ ಕೂತವನು ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಮಾಡೋ ಹಾಗಿಲ್ಲ. ಇವತ್ತು ಇವರ ದುಃಖಕ್ಕೆ ರಿಯಾಯಿತಿ ಕೊಟ್ಟರೆ, ನಾಳೆ ಕೂಲಿಯವರನ್ನ ಹಿಂಡಿದವನೂ ಬಂದು ಅವರ ಮನೆಯಲ್ಲಿ ಯಾರೋ ಹೋಗಿಬಿಟ್ಟರು ಸಾರ್ ಅಂತಾನೆ. ಹಾಗೆ ಬಾಗಿಲು ತೆಗೆದರೆ ನೀವು ಕನ್ನಡಿ ಮಾಡಿದ್ದೇ ದಂಡ ಆಗುತ್ತೆ.”

“ರಿಯಾಯಿತಿ ಬೇಡ. ಎಲ್ಲರಿಗೂ ಒಂದೇ ಅಳತೆ ಇರಲಿ,” ಇಂಚರಾ ಹೇಳಿದರು. “ಬೆಳಗ್ಗೆ ಬಂದಾಗ ಹೇಗಿದ್ದರು, ಸಂಜೆ ಹೊರಟಾಗ ಹೇಗಿದ್ದರು ಅಂತ ನೋಡಿ. ಕೂಲಿಯವರನ್ನ ಹಿಂಡುವವನ ಮಾಲಿನಲ್ಲಿ ನೋವು ಏರುತ್ತಾ ಹೋಗುತ್ತೆ. ಯಾರು ಸತ್ತ ಕತೆಯೂ ಅವನನ್ನ ಉಳಿಸೋದಿಲ್ಲ. ಇವರದರಲ್ಲಿ ಇಳಿಯುತ್ತೆ. ಗೇಟಿನಲ್ಲಿ ಜನರನ್ನ ಆರಿಸೋದರಿಂದಲೂ ಆಮೇಲೆ ಲಾಭವಿಲ್ಲ.”

ತೇಜಸ್ ಪೆನ್ನಿನ ತುದಿಯಿಂದ ಹಣೆ ಕೆರೆದುಕೊಂಡರು. “ಇವರ ನೋವು ಕೆಲಸದಿಂದ ಬಂದದ್ದಲ್ಲ ಅನ್ನೋದಕ್ಕೆ ಆಧಾರ? ಮೊದಲಿಂದಲೂ ಹೀಗೇ ಇದ್ದಿರಬಹುದಲ್ಲ?”

ಆಗ ಇಲಾಖೆಯ ಹಳೆಯ ಪದ್ಧತಿಯೊಂದು ನೆರವಿಗೆ ಬಂತು. ಟೆಂಡರು ಗೆದ್ದ ದಿನ ಸರಬರಾಜುದಾರರು ಹೊಲಿದು ತಂದ ಮೊದಲ ಅಂಗಿಯನ್ನು ಮಾದರಿಯೆಂದು ಒಪ್ಪಿ, ಪೊಟ್ಟಣಕ್ಕೆ ಹಾಕಿ, ಅರಗಿನ ಮುದ್ರೆಯೊತ್ತಿ ಕಪಾಟಿನಲ್ಲಿಡುತ್ತಾರೆ. ಮುಂದೆ ಬರುವ ಮಾಲು ಇದಕ್ಕೆ ಹೊಂದದಿದ್ದರೆ ವಾದ ಮಾಡಲು ಒಂದು ಸಾಕ್ಷಿ ಇರಲೆಂದು. ಬೆವರುಗನ್ನಡಿ ಬಂದ ಮೇಲೂ ಆ ಪದ್ಧತಿಯನ್ನು ಯಾರೂ ಕೈಬಿಟ್ಟಿರಲಿಲ್ಲ. ಸಂಘದ ಮಾದರಿ ಮುದ್ರೆಯಾದದ್ದು ಕಳೆದ ದಸರೆಯ ಹೊತ್ತಿಗೆ, ಸ್ಪಂದನಾ ಇನ್ನೂ ಬದುಕಿದ್ದಾಗ.

ತೇಜಸ್ ಅದನ್ನು ತರಿಸಿ, ಎಲ್ಲರ ಎದುರಿಗೆ ಮುದ್ರೆ ಒಡೆದರು. ಬಿಳಿ ಅಂಗಿ, ಇಸ್ತ್ರಿಯ ಮಡಿಕೆ ಹಾಗೇ ಇತ್ತು. ಯಾರೂ ತೊಟ್ಟಿಲ್ಲ, ಯಾರೂ ಒಗೆದಿಲ್ಲ. ಇಂಚರಾ ಅದನ್ನು ಗಾಜಿನ ಮೇಲೆ ಹರವಿ ಮುಚ್ಚಳ ಇಳಿಸಿದರು. ನೇರಳೆ ಬೆಳಕು ಸ್ವಲ್ಪವೇ ಸರಿದಿತ್ತು, ಕಾಲರಿನ ಅಂಚು ತುಂಬಿದ ಗದ್ದೆಯ ಹಾಗೆ ಹಸಿರಾಗಿ ಮೂಡಿತು. ಅದರ ಕೆಳಗೆ, ಕಾಲರು ಅಂಗಿಗೆ ಕೂಡುವ ಹೊಲಿಗೆಯಲ್ಲಿ ಇನ್ನೊಂದು ಹಸಿರು. ಒಬ್ಬರು ಹಿಡಿದುಕೊಟ್ಟ ಕಡೆಯೇ ಇನ್ನೊಬ್ಬರು ಹಿಡಿದಿದ್ದರು. ಎರಡು ಚಹರೆಗಳು ಅಲ್ಲಲ್ಲಿ ಒಂದರ ಮೇಲೊಂದು ಬಿದ್ದಿದ್ದವು.

“ಕೆಳಗಿನದು ಚಂದನಾ ಅವರದು. ಆಗ ಹೀಗಿದ್ದರು,” ಎಂದು ಇಂಚರಾ ತೇಜಸ್ ಕಡೆ ತಿರುಗಿದರು. “ಇದೇ ಹಾಲು, ಇದೇ ಕೆಲಸ, ಇದೇ ಸಂಬಳ. ಇನ್ನೇನು ಆಧಾರ ಬೇಕು?”

ತೇಜಸ್ ಕಡತವನ್ನು ಹತ್ತಿರಕ್ಕೆ ಎಳೆದುಕೊಂಡರು. ಗವಸು ಹಾಕಿದ್ದಕ್ಕೆ ಸಂಘಕ್ಕೊಂದು ಎಚ್ಚರಿಕೆ ಬರೆದರು. ಅದನ್ನು ಅವರು ಬಿಡುವ ಹಾಗಿರಲಿಲ್ಲ. ಕಪ್ಪುಪಟ್ಟಿಯ ಪ್ರಸ್ತಾಪವನ್ನು ಕೈಬಿಟ್ಟರು. ಎರಡು ಕೆಂಪುಗಳನ್ನೂ ಹಿಂದಕ್ಕೆ ಪಡೆದರು. ಬೆಳಗು-ಸಂಜೆಯ ಅಳತೆಯನ್ನು ಈ ವರ್ಷದ ಎಲ್ಲ ಮಾಲಿಗೂ ಹಚ್ಚಿ ನೋಡಬೇಕೆಂದು ಸರ್ಕಾರಕ್ಕೆ ಶಿಫಾರಸು ಬರೆಯುವುದಾಗಿ ಹೇಳಿದರು. ಭವ್ಯಮ್ಮ ಎದ್ದು ಕೈಮುಗಿದರು. ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತುಬಿಟ್ಟರು.

ಚಂದನಾ ಮಾತ್ರ ಇದ್ಯಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. ಪರದೆಯ ಹತ್ತಿರಕ್ಕೆ ಬಂದು ನಿಂತಿದ್ದಳು.

“ಮೇಡಮ್, ಮೇಲಿಂದು ಅವಳ್ದಾ?”

“ಹೌದು.”

“ಹೆಂಗಿದ್ಲು ಆವಾಗ?” ಚಂದನಾ ಕೇಳಿದಳು. “ಅವಳು ಹೋದಾಗಿಂದ ಅದೊಂದೇ ಕೊರೀತಾ ಐತೆ. ಅವಳಿಗೆ ಏನೋ ಕಷ್ಟ ಇತ್ತೇನೋ, ನನಗೆ ಹೇಳ್ದೆ ಒಳಗೇ ಇಟ್ಕೊಂಡಿದ್ಲೇನೋ, ಪಕ್ಕದಲ್ಲೇ ಕೂತ್ಕೊಂಡು ನಾನು ನೋಡ್ಲೇ ಇಲ್ವೇನೋ ಅಂತ. ಖುಷಿಯಾಗಿದ್ಲಾ ಮೇಡಮ್?”

ಇಂಚರಾ ಕನ್ನಡಕ ತೆಗೆದರು. ಹೌದು ಅಂದುಬಿಡಬಹುದಿತ್ತು; ಅಂದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಈ ಹೆಂಗಸಿಗೆ ಸುಳ್ಳು ಹೇಳಲು ಅವರಿಗೆ ಮನಸ್ಸಾಗಲಿಲ್ಲ.

“ಖುಷಿ ಅಳೆಯೋಕೆ ಈ ಕನ್ನಡಿಗೆ ಬರೋದಿಲ್ಲ ಚಂದನಾ. ಕೊನೆಯ ದಿನ ಹೇಗಿದ್ದರು ಅಂತಲೂ ಇದು ಹೇಳಲ್ಲ. ಈ ಅಂಗಿ ಹೊಲಿದ ದಿನ ಅವರಿಗೆ ನೋವಿರಲಿಲ್ಲ. ಅಷ್ಟು ಮಾತ್ರ ನಾನು ಆಣೆ ಮಾಡಿ ಹೇಳಬಲ್ಲೆ. ನಿಮ್ಮ ಪಕ್ಕದಲ್ಲಿ ಕೂತು ಹೊಲಿದರು, ನೋವಿಲ್ಲದೆ ಹೊಲಿದರು.”

ಚಂದನಾ ತಲೆಯಾಡಿಸಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. “ಸಾಕು ಮೇಡಮ್,” ಅಂದಳು. “ನಂಗೆ ಅಷ್ಟು ಸಾಕು.”

ತೇಜಸ್ ಒಡೆದ ಅರಗಿನ ಚೂರುಗಳನ್ನು ಒಟ್ಟುಮಾಡಿದರು. “ಮುದ್ರೆ ಒಡೆದಾಯ್ತು, ಇನ್ನು ಇದು ಮಾದರಿಯಾಗಿ ಉಳಿಯೋದಿಲ್ಲಮ್ಮ. ಹೊಸದೊಂದು ಹೊಲಿದು ಕೊಡಿ. ಇದನ್ನ ನೀವು ತಗೊಂಡು ಹೋಗಬಹುದು. ನಿಯಮದಲ್ಲಿ ಅವಕಾಶ ಇದೆ,” ಅಂದರು. ಆ ನಿಯಮ ನಿಜಕ್ಕೂ ಇತ್ತೋ ಇಲ್ಲವೋ, ಇಂಚರಾ ಕೇಳಲು ಹೋಗಲಿಲ್ಲ.

ಚಂದನಾ ಅಂಗಿಯನ್ನು ಎತ್ತಿಕೊಂಡಳು. ಕಾಲರಿನ ಮೇಲೆ ಹೆಬ್ಬೆರಳು ಆಡಿಸಿದಳು, ಮೂಗಿನ ಹತ್ತಿರ ಹಿಡಿದಳು. ಎದೆಗವಚಿಕೊಂಡು ಹೊರಟೇಬಿಡುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಅವಳು ಅದನ್ನು ಮೊದಲಿದ್ದ ಹಾಗೆಯೇ ಮಡಿಸಿ, ಮೇಜಿನ ಮೇಲೆ ತೇಜಸ್ ಮುಂದೆ ಇಟ್ಟಳು.

“ಬೀರು ಒಳಗೆ ಇಟ್ಟು ನಾನೇನ್ ಮಾಡ್ಲಿ ಸಾರ್? ಮನೇಲಿ ಅವಳ ಫೋಟೋನೇ ಒಳಗಿಟ್ಟವ್ರೆ, ಇದ್ನೂ ಒಳಗಿಡದಾ? ಇದು ಎಂಟೊಂಬತ್ತು ವರ್ಷದ ಮಗುವಿನ ಅಳತೆ. ಬೇರೆ ಅಂಗಿಗಳ ಜೊತೆ ಸೇರಿಸ್ಬಿಡಿ. ಯಾವುದಾದ್ರೂ ಮಗು ಹಾಕ್ಕೊಂಡು ಆಡ್ಲಿ. ಹಾಕ್ಕೊಳ್ಳಲಿ ಅಂತ ತಾನೆ ಅವಳು ಹೊಲಿದಿದ್ದು.”

ಇಂಚರಾ ಕನ್ನಡಿಯ ಸ್ವಿಚ್ಚು ಆರಿಸಿದರು. ಮುಂದೆ ಮಾಡಬೇಕಾದ ಕೆಲಸ ಬೇಕಾದಷ್ಟಿತ್ತು: ಲೆಕ್ಕದ ಸೂತ್ರ ತಿದ್ದಬೇಕು, ಗೇಟುಗಳಲ್ಲಿ ಇಟ್ಟ ಕನ್ನಡಿಗಳನ್ನು ತೆಗೆಸಬೇಕು, ಕೊಟ್ಟ ಪ್ರಶಸ್ತಿಯನ್ನು ವಾಪಸ್ ಕೇಳುವ ಮುಜುಗರ ಬೇರೆ. ಆದರೆ ಆ ಗಳಿಗೆಯಲ್ಲಿ ಅವರು ಯೋಚಿಸುತ್ತಿದ್ದದ್ದು ಕನ್ನಡಿ ಹುಟ್ಟುವುದಕ್ಕೆ ಹಿಂದಿನ ವರ್ಷಗಳನ್ನು. ಆಗ ಎಷ್ಟು ಅಂಗಿಗಳು ಹೊಲಿಗೆಯಾದವೋ, ಎಷ್ಟು ಕೈಗಳು ಬೆಳಗ್ಗೆ ಹಗುರವಾಗಿ ಬಂದು ಸಂಜೆ ಭಾರವಾಗಿ ಹೋದವೋ, ಎಷ್ಟು ಜನ ಪಕ್ಕದ ಮಿಷನ್ನಿನವಳ ಮುಖ ನೋಡಲೂ ಪುರುಸೊತ್ತಿಲ್ಲದೆ ದುಡಿದರೋ. ಕೊಂಡವರು ಬೆಲೆ ಒಂದನ್ನು ಕೇಳಿ ಕೊಂಡರು, ಮನೆಗೆ ತಂದು ಒಗೆದರು, ಹೊಲಿದವರ ಗುರುತೆಲ್ಲ ಬಚ್ಚಲ ನೀರಿನಲ್ಲಿ ಹರಿದುಹೋಯಿತು.

ಆ ವರ್ಷಗಳೇ ಇವು, ನಾವು ನೀವು ಬದುಕುತ್ತಿರುವ ಇವೇ ವರ್ಷಗಳು. ಕನ್ನಡಿ ಬರಲು ಇನ್ನೂ ಬಹಳ ಕಾಲವಿದೆ, ಬರುತ್ತದೋ ಇಲ್ಲವೋ. ಈಗ ನೀವು ತೊಟ್ಟಿರುವ ಅಂಗಿಯ ಕಾಲರನ್ನು ಹೊಲಿದವರು ಮಾತ್ರ ಇದ್ದಾರೆ, ಇವತ್ತು ಬೆಳಗ್ಗೆಯೂ ಬಸ್ಸು ಹಿಡಿದು ಕೆಲಸಕ್ಕೆ ಹೋಗಿದ್ದಾರೆ.